ಗೋಳಗುಚ್ಛಗಳ ಚಿತ್ರಕ್ಕೆ ಸಿರಿಲ್: ಹಲವು ಬೇಸಿಗೆಗಳ ಬಳಕೆಯ ನಂತರ

ಲಕ್ಷಾಂತರ ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಸೇರಿರುವ ಗೋಳಾಕಾರದ ನಕ್ಷತ್ರಗುಚ್ಛಗಳ ನನ್ನ ಚಿತ್ರಗಳೆಲ್ಲ ಈಗ ಹಲವು ವರ್ಷಗಳಿಂದ ಸಿರಿಲ್‌ನಲ್ಲೇ ತಯಾರಾಗುತ್ತಿವೆ. ಇದು ಆಕಾಶದ ಚಿತ್ರಗಳನ್ನು ಸಂಸ್ಕರಿಸುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನೀಹಾರಿಕೆಗಳಿಗೆ ಇದು ಹೇಗೆ ಎಂದು ಬೇಕಾದಷ್ಟು ಜನ ಹೇಳಿದ್ದಾರೆ. ಗುಚ್ಛಗಳ ಕಷ್ಟ ಬೇರೆ. ಅಂಚಿನ ಮಸುಕು ನಕ್ಷತ್ರಗಳನ್ನು ಎತ್ತಲು ಹೋದರೆ ನಡುಭಾಗವೆಲ್ಲ ಒಂದೇ ಬಿಳಿ ಮುದ್ದೆಯಾಗಿಬಿಡುತ್ತದೆ.

ಒಮೆಗಾ ಸೆಂಟಾರಿಯನ್ನೇ ನೋಡಿ. ದೂರ ಸುಮಾರು 17,000 ಜ್ಯೋತಿರ್ವರ್ಷ, ನಕ್ಷತ್ರಗಳು ಒಂದು ಕೋಟಿಯಷ್ಟು. ಯುರೋಪಿನ ಬಹುಪಾಲು ಜನರಿಗೆ ಕಾಣಲೇ ಸಿಗದ ಈ ಗುಚ್ಛ ಬೆಂಗಳೂರಿನಲ್ಲಿ ದಕ್ಷಿಣ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೇರುತ್ತದೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ರಾತ್ರಿಗಳೇ ಅದಕ್ಕೆ ಹೊತ್ತು. ಚಿಕ್ಕ ಚಿಕ್ಕ ಎಕ್ಸ್‌ಪೋಶರ್‌ಗಳನ್ನು ರಾಶಿ ತೆಗೆದು ಸ್ಟ್ಯಾಕ್ ಮಾಡುತ್ತೇನೆ, ಅಂದರೆ ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರ ಮಾಡುತ್ತೇನೆ. ಉಳಿದ ಫ್ರೇಮ್‌ಗಳಿಗಿಂತ ತೀರಾ ಬೇರೆಯಾದ ಬಿಂದುಗಳನ್ನು ಬಿಟ್ಟುಬಿಡುವ ಸಿಗ್ಮಾ ಕ್ಲಿಪಿಂಗ್ ಹಾಕಿದರೆ ಉಪಗ್ರಹ, ವಿಮಾನಗಳ ಗೆರೆ ಅಳಿಸಿಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಪ್ರತಿ ಫ್ರೇಮಿನಲ್ಲೂ ನಕ್ಷತ್ರಗಳ ಅಗಲ ಎಷ್ಟೆಂದು ಸಿರಿಲ್ ಅಳೆದು ಕೊಡುವುದು. ಅಷ್ಟು ತಗ್ಗಿನಲ್ಲಿ ಗಾಳಿಯ ಅಲುಗಾಟಕ್ಕೆ ನಕ್ಷತ್ರಗಳು ಉಬ್ಬುತ್ತವೆ. ಉಬ್ಬಿದ ಫ್ರೇಮ್‌ಗಳನ್ನು ದಾಕ್ಷಿಣ್ಯವಿಲ್ಲದೆ ಕೈಬಿಟ್ಟರೆ ಮಾತ್ರ ನಡುಭಾಗ ಬಿಡಿಬಿಡಿಯಾಗಿ ಕಾಣುತ್ತದೆ.

ನಾನು ಬೇರೆಡೆಗೆ ಹೋಗದಿರಲು ನಿಜವಾದ ಕಾರಣ ಬಣ್ಣ. ಚಿತ್ರದ ನಕ್ಷತ್ರಗಳನ್ನು ಅವುಗಳ ಅಳೆದ ಬಣ್ಣವಿರುವ ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ಬಣ್ಣ ಸರಿಮಾಡುವ ಸೌಲಭ್ಯ ಇದರೊಳಗೇ ಇದೆ. ಆಮೇಲೆ ಮಸುಕು ಭಾಗಗಳನ್ನು ಎಳೆದು ಬೆಳಗಿಸುವ ಆಸಿನ್ ಸ್ಟ್ರೆಚ್: ಕೆಂಪು, ಹಸಿರು, ನೀಲಿಗಳ ಅನುಪಾತ ಕೆಡಿಸದೆ ಹೊಳಪು ಏರಿಸುತ್ತದೆ. ಮುಪ್ಪಾದ ಕೆಂಪು ದೈತ್ಯಗಳು ಕಿತ್ತಳೆಯಾಗಿಯೇ, ಹೀಲಿಯಂ ಉರಿಸುತ್ತಿರುವ ಬಿಸಿ ತಾರೆಗಳು ನೀಲಿಯಾಗಿಯೇ ಉಳಿಯುತ್ತವೆ. ಎಂ13 ಎಂಬ ಗುಚ್ಛದಲ್ಲಿ ಈ ಎರಡು ಬಣ್ಣ ಪಕ್ಕಪಕ್ಕ ಬಂದಾಗ ಆಗುವ ಸಂತೋಷ ದೊಡ್ಡದು. ಈ ಸ್ಟ್ರೆಚ್ಚನ್ನು ಸ್ವಲ್ಪ ಸ್ವಲ್ಪವೇ, ಹಲವು ಸಲ ಎಳೆಯಿರಿ.

ಕೊರತೆಗಳೂ ಇವೆ. ಆಕಾಶದ ಹಿನ್ನೆಲೆ ಬೆಳಕನ್ನು ತೆಗೆಯುವಾಗ ಅದನ್ನು ಅಳೆಯಲು ಸಿರಿಲ್ ತಾನಾಗಿ ಇಡುವ ಚುಕ್ಕಿಗಳು ಗುಚ್ಛದ ಹೊರವಲಯದ ಮೇಲೂ ಬೀಳಬಹುದು. ಕೈಯಿಂದಲೇ ತೆಗೆಯದಿದ್ದರೆ ಆ ನಕ್ಷತ್ರಗಳ ಬೆಳಕೂ ಹಿನ್ನೆಲೆಯೊಂದಿಗೆ ಹೊರಟುಹೋಗುತ್ತದೆ. ಮಸುಕನ್ನು ಲೆಕ್ಕಾಚಾರದಿಂದ ಚೂಪುಗೊಳಿಸುವ ಡಿಕಾನ್ವಲ್ಯೂಷನ್ ಜೋರಾದರೆ ದಟ್ಟ ನಡುಭಾಗದಲ್ಲಿ ಕಪ್ಪು ಉಂಗುರಗಳು ಏಳುತ್ತವೆ, ನಾನಂತೂ ಗುಚ್ಛಗಳಿಗೆ ಅದನ್ನು ಬಳಸುವುದಿಲ್ಲ. ಚಿತ್ರಗಳನ್ನು ಪದರಪದರವಾಗಿ ಇಡುವ ಲೇಯರ್ ವ್ಯವಸ್ಥೆ ಇಲ್ಲದ್ದರಿಂದ ಚಿಕ್ಕ, ದೊಡ್ಡ ಎಕ್ಸ್‌ಪೋಶರ್‌ಗಳನ್ನು ಬೆಸೆಯಲು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಹೋಗಬೇಕು.

ಹೊಸದಾಗಿ ಶುರುಮಾಡುವವರು ಮೊದಲು ಜ್ಯೇಷ್ಠಾ ನಕ್ಷತ್ರದ ಪಕ್ಕದ ಎಂ4 ತೆಗೆಯಿರಿ. ನಮಗೆ ಅತಿ ಹತ್ತಿರದ ಗುಚ್ಛಗಳಲ್ಲೊಂದು, ಸಡಿಲವಾಗಿದೆ. ಚಿಕ್ಕ ದೂರದರ್ಶಕಕ್ಕೂ ಬಿಡಿಸಿಕೊಡುತ್ತದೆ.