ದಿನವಿಡೀ ಮಳೆ, ಆದರೂ ಒಳಗೆ ಒಂದು ಹನಿ ಇಲ್ಲ: ಓರ್ಟ್‌ಲೀಬ್ ಬ್ಯಾಕ್-ರೋಲರ್ ಕ್ಲಾಸಿಕ್

ಸಂಜೆ ಐದೂವರೆಗೆ ಸೈಕಲ್ ನಿಲ್ಲಿಸಿದಾಗ ಬೆರಳುಗಳು ಮರಗಟ್ಟಿ ಹೋಗಿದ್ದವು, ಹಿಂದಿನ ಕ್ಯಾರಿಯರ್‌ನ ಎರಡೂ ಪಕ್ಕಕ್ಕೆ ಒಂದೊಂದು ನೇತುಹಾಕುವ ಈ ಓರ್ಟ್‌ಲೀಬ್ ಬ್ಯಾಗಿನ ಬಕಲ್ ಒತ್ತಲು ಎರಡೂ ಹೆಬ್ಬೆರಳು ಬೇಕಾದವು. ಬೆಳಿಗ್ಗೆ ಏಳಕ್ಕೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಶೂ ಒಳಗೆ ನೀರು, ಗ್ಲೌಸ್ ಹಿಂಡಿದರೆ ನೀರು, ಜಾಕೆಟ್ ಒಳಗಿನ ಅಂಗಿಯೂ ತೊಪ್ಪೆ. ಬ್ಯಾಗಿನ ಬಾಯಿ ಬಿಚ್ಚಿ ಕೈ ಹಾಕಿದೆ. ಉಣ್ಣೆಯ ಕಾಲುಚೀಲ ಸಿಕ್ಕಿತು. ಒಣಗಿತ್ತು. ಅದರ ಕೆಳಗಿದ್ದ ಅಂಗಿ, ಅದರ ಕೆಳಗಿದ್ದ ಸ್ಲೀಪಿಂಗ್ ಬ್ಯಾಗ್, ತಳದ ಮೂಲೆಯಲ್ಲಿದ್ದ ನೋಟ್‌ಬುಕ್, ಎಲ್ಲವೂ ಒಣಗಿಯೇ ಇದ್ದವು. ನಂಬಿಕೆ ಬರದೆ ತಳವನ್ನು ಬೆರಳಿನಿಂದ ಸವರಿ ನೋಡಿದೆ. ಪಸೆ ಕೂಡ ಇರಲಿಲ್ಲ.

ಒಬ್ಬರೇ ಸೈಕಲ್ ಪ್ರವಾಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಜೊತೆಗೆ ಯಾರಾದರೂ ಇದ್ದರೆ ಒಂದು ಒಣ ಅಂಗಿ ಕೇಳಬಹುದು, ಒಬ್ಬರೇ ಇದ್ದಾಗ ಬ್ಯಾಗಲ್ಲಿ ಇರುವುದಷ್ಟೇ ನಮ್ಮದು. ಪೆಡಲ್ ತುಳಿಯುವಷ್ಟು ಹೊತ್ತು ಮೈ ಬಿಸಿಯಾಗಿರುತ್ತದೆ, ನಿಂತ ಹತ್ತೇ ನಿಮಿಷಕ್ಕೆ ನಡುಕ ಶುರು. ಆಗ ಒಣ ಬಟ್ಟೆ ಇಲ್ಲದಿದ್ದರೆ ನಿಜವಾಗಿಯೂ ಅಪಾಯ. ಮೈಯನ್ನು ಒಣಗಿಸಿ ಇಟ್ಟುಕೊಳ್ಳುವ ಆಸೆಯನ್ನಂತೂ ನಾನು ಬಿಟ್ಟೇಬಿಟ್ಟಿದ್ದೇನೆ. ಎಂಥ ಒಳ್ಳೆ ಜಾಕೆಟ್ ಹಾಕಿದರೂ ಏರು ಹತ್ತುವಾಗ ಬೆವರು ಹೊರಗೆ ಹೋಗುವ ಮೊದಲೇ ಒಳಗೆ ನೀರಾಗಿ ನಿಲ್ಲುತ್ತದೆ. ಹಾಗಾಗಿ ನಾನು ನೆನೆದರೆ ನೆನೆಯಲಿ, ಬ್ಯಾಗಿನ ಒಳಗಿರುವುದು ನೆನೆಯಬಾರದು ಅನ್ನುವುದೇ ನನ್ನ ಲೆಕ್ಕ.

ಮೊದಲು ನನ್ನ ಹತ್ತಿರ ಇದ್ದದ್ದು ಹೊಲಿಗೆ ಹಾಕಿದ ಬಟ್ಟೆಯ ಬ್ಯಾಗು, ಮೇಲೆ ಹೊದಿಸಲು ಒಂದು ಮಳೆ ಕವರ್. ಕಂಪನಿ ಹೆಸರು ಬೇಡ. ಸುಮ್ನೆ ನೇರ ಬೀಳುವ ಮಳೆಗೆ ಅದು ಸಾಕು. ಕಡಲ ದಂಡೆಯಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡಡ್ಡ ಬರುವುದೇ ಜಾಸ್ತಿ, ಬರೀ ಇರಚಲು. ಗಾಳಿ ಕವರ್ ಒಳಗೆ ನುಗ್ಗಿ ಅದನ್ನು ಬಲೂನಿನ ಹಾಗೆ ಉಬ್ಬಿಸುತ್ತದೆ, ಕೆಳಗಿನಿಂದ ಚಕ್ರ ಎರಚುವ ನೀರು ಬ್ಯಾಗಿನ ಬೆನ್ನಿಗೆ ಬಡಿಯುತ್ತದೆ, ಆ ಬೆನ್ನಿನ ಕಡೆಗೆ ಕವರೇ ಇರುವುದಿಲ್ಲ. ಹೀಗೆ ಒಳಗೆ ಹೋದ ನೀರು ಕವರಿನ ತಳದಲ್ಲಿ ಬಟ್ಟಲಲ್ಲಿ ನಿಂತ ಹಾಗೆ ನಿಂತು, ಬ್ಯಾಗು ಇಡೀ ದಿನ ಅದರಲ್ಲೇ ಕೂತಿರುತ್ತದೆ. ಕೊನೆಗೆ ಒಂದು ತಿರುವಿನಲ್ಲಿ ಕವರ್ ಕಿತ್ತುಕೊಂಡು ಹಾರಿ ಕೆಳಗಿನ ಬಂಡೆಗಳ ಮೇಲೆ ಬಿತ್ತು. ಇಳಿದು ತರುವ ಹಾಗಿರಲಿಲ್ಲ.

ಓರ್ಟ್‌ಲೀಬ್ ಬ್ಯಾಗು ಹುಟ್ಟಿದ್ದೂ ಇಂಥದ್ದೇ ಒಂದು ಮಳೆಯಲ್ಲಿ. ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ಪ್ರವಾಸ ಮಾಡುವಾಗ, ಟಾರ್ಪಾಲು ಹೊದಿಸಿದ ಲಾರಿಯೊಂದನ್ನು ನೋಡಿ, ಇದೇ ಬಟ್ಟೆಯಲ್ಲಿ ಬ್ಯಾಗು ಮಾಡಬಹುದಲ್ವಾ ಅಂತ ಅವರಿಗೆ ಹೊಳೆಯಿತು. 1982ರಲ್ಲಿ ಕಂಪನಿ ಶುರುವಾಯಿತು. ಕ್ಲಾಸಿಕ್ ಮಾದರಿಯನ್ನು ಮುಟ್ಟಿದರೆ ಇವತ್ತಿಗೂ ಲಾರಿ ಟಾರ್ಪಾಲೇ ನೆನಪಾಗುತ್ತದೆ. ಪಾಲಿಯೆಸ್ಟರ್ ಮೇಲೆ ಪಿವಿಸಿ ಲೇಪನ, ಕೆಸರು ಮೆತ್ತಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಜೋಡಿಸಿದ ಕಡೆ ಹೊಲಿಗೆ ಇಲ್ಲ, ಬೆಸುಗೆ ಇದೆ. ಸೂಜಿಯ ತೂತೇ ಇಲ್ಲದ್ದರಿಂದ ನೀರು ಜಿನುಗಲು ದಾರಿ ಇಲ್ಲ.

ಬಾಯಿಗೆ ಜಿಪ್ ಕೂಡ ಇಲ್ಲ. ಎರಡು ಅಂಚು ಜೋಡಿಸಿ, ಒಳಗಿನ ಗಾಳಿಯನ್ನು ಒತ್ತಿ ತೆಗೆದು, ಮೂರು ನಾಲ್ಕು ಸಲ ಬಿಗಿಯಾಗಿ ಸುತ್ತಿ ಬಕಲ್ ಹಾಕಬೇಕು. ಇದರಲ್ಲಿ ಮಾತ್ರ ಸೋಮಾರಿತನ ಬೇಡ. ಬಾಯಿ ತನಕ ತುರುಕಿ ಒಂದೇ ಸುತ್ತು ಹಾಕಿದರೆ ನೀರು ಬಂದೇ ಬರುತ್ತದೆ. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಐಪಿ 64 ಅಂತ ದರ್ಜೆ ಕೊಟ್ಟಿದ್ದಾರೆ. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 4 ಅಂದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. ನೀರಲ್ಲಿ ಮುಳುಗಿಸಿದರೂ ತಡೆಯುತ್ತದೆ ಅಂತ ಅರ್ಥ ಅಲ್ಲ, ಅದಕ್ಕೆ 7 ಅಥವಾ 8 ಬೇಕು.

ಕ್ಯಾರಿಯರ್‌ಗೆ ಹಾಕುವ ಕೊಕ್ಕೆ ನನಗೆ ತುಂಬಾ ಇಷ್ಟವಾದ ಭಾಗ. ಹಿಡಿ ಎಳೆದರೆ ಬೀಗ ಬಿಡುತ್ತದೆ, ಹಾಗೇ ಎತ್ತಿಕೊಂಡು ನಡೆಯಬಹುದು. ಮರಗಟ್ಟಿದ ಕೈಗೆ ಇದು ದೊಡ್ಡ ಉಪಕಾರ. 16 ಮಿ.ಮೀ. ದಪ್ಪದ ಕೊಳವೆವರೆಗೂ ಕೊಕ್ಕೆ ಕೂರುತ್ತದೆ, ತೆಳು ಕೊಳವೆಗೆ ಕೊಕ್ಕೆಯೊಳಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ತುಂಡುಗಳು ಜೊತೆಗೇ ಬರುತ್ತವೆ. ಅವನ್ನು ಮರೆಯದೆ ಹಾಕಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಕಟಕಟ ಸದ್ದು. ಜೋಡಿಗೆ 40 ಲೀಟರ್ ಜಾಗ, ತೂಕ 1.9 ಕೆ.ಜಿ.

ಕೊರತೆಗಳೂ ಇವೆ. ಹೊರಗೆ ಜೇಬಿಲ್ಲ. ಒಳಗೆ ಒಂದು ಸಣ್ಣ ಜೇಬು ಬಿಟ್ಟರೆ ಉಳಿದದ್ದೆಲ್ಲ ಒಂದೇ ಬಾವಿ, ತಳದಲ್ಲಿರುವುದು ಬೇಕಾದರೆ ಮೇಲಿನದನ್ನೆಲ್ಲ ತೆಗೆಯಬೇಕು, ಸುರಿಯುವ ಮಳೆಯಲ್ಲಿ ಅಷ್ಟು ಹೊತ್ತು ಬಾಯಿ ತೆರೆದಿಟ್ಟರೆ ಬ್ಯಾಗು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಇನ್ನೊಂದು, ನೀರನ್ನು ಹೊರಗಿಡುವ ಬಟ್ಟೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಒದ್ದೆ ಟವೆಲ್ ಒಂದನ್ನು ಒಳಗೆ ಹಾಕಿದರೆ ಸಂಜೆಗೆ ಎಲ್ಲದಕ್ಕೂ ಮುಗ್ಗಲು ವಾಸನೆ. ಅದಕ್ಕೆ ನಾನು ಎಡಗಡೆಯದನ್ನು ಸಂಜೆ ತನಕ ತೆರೆಯುವುದೇ ಇಲ್ಲ, ಅದರಲ್ಲಿ ಬಟ್ಟೆ, ಹಾಸಿಗೆ. ದಾರಿಯಲ್ಲಿ ಬೇಕಾಗುವ ಟ್ಯೂಬ್, ಪಂಪ್, ಉಪಕರಣ ಎಲ್ಲ ಬಲಗಡೆ. ಒದ್ದೆ ಟೆಂಟು ಕ್ಯಾರಿಯರ್ ಮೇಲೆ, ಹೊರಗೇ. ಗಾಳಿ ಪಕ್ಕದಿಂದ ಹೊಡೆದಾಗ ಇಷ್ಟು ಅಗಲದ ಬ್ಯಾಗು ಸೈಕಲ್ಲನ್ನು ತಳ್ಳುತ್ತದೆ ಅನ್ನುವುದೂ ನೆನಪಿರಲಿ. ಬಂಡೆಯ ಮರೆಯಿಂದ ತೆರೆದ ಜಾಗಕ್ಕೆ ಬಂದ ಕೂಡಲೇ ಹ್ಯಾಂಡಲ್ ಬಿಗಿ ಹಿಡಿಯಿರಿ. ರಾತ್ರಿ ಕೊಕ್ಕೆ, ಸ್ಕ್ರೂಗಳನ್ನು ಸಿಹಿನೀರಲ್ಲಿ ತೊಳೆಯಿರಿ, ಚೈನ್ ಒರೆಸಿ ಎಣ್ಣೆ ಬಿಡಿ, ಉಪ್ಪುಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಕಾಣಿಸುತ್ತದೆ.

ಒಂದೋ ಎರಡೋ ಗಂಟೆ ಸುತ್ತಾಡಿ ಬರುವವರಿಗೆ ಇದು ಬೇಕಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಒಬ್ಬರೇ ಹೋಗುವವರಾದರೆ ಬೇರೆ ಏನನ್ನಾದರೂ ಮುಂದಕ್ಕೆ ಹಾಕಿ, ಮೊದಲು ಇದನ್ನು ಕೊಳ್ಳಿ.

ಮಾರನೇ ಬೆಳಿಗ್ಗೆಯೂ ಮಳೆ. ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಂಡೆ, ಮೈ ಜುಮ್ಮೆಂದಿತು. ಒಣ ಅಂಗಿ, ಕಾಲುಚೀಲವನ್ನು ಮಡಚಿ ಎಡಗಡೆಯ ಬ್ಯಾಗಿಗೆ ಹಾಕಿ, ನಾಲ್ಕು ಸುತ್ತು ಸುತ್ತಿ ಹೊರಟೆ.