ಅಪ್ಪನ ನೀರಿಗೆ ಸ್ಟಾರ್ಚ್ ಪುಡಿಯಾ, ಗಮ್ ಪುಡಿಯಾ?

ಸ್ಟಾರ್ಚ್ ಪುಡಿಯ ದೊಡ್ಡ ಡಬ್ಬ ತಂದದ್ದು ನನ್ನ ತಪ್ಪು. ಈಗ ನಮ್ಮ ಮನೆಯಲ್ಲಿ ಕ್ಸಾಂಥನ್ ಗಮ್ ಪುಡಿ ಮಾತ್ರ.

ಅಪ್ಪನಿಗೆ ಪಾರ್ಕಿನ್ಸನ್. ಬರೀ ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ನುಂಗುವುದನ್ನು ಪರೀಕ್ಷೆ ಮಾಡಿದ ಸ್ಪೀಚ್ ಥೆರಪಿಸ್ಟ್, ನೀರನ್ನು ಮಂದ ಮಾಡಿ ಕೊಡಿ, ಐಡಿಡಿಎಸ್‌ಐ (ಪಾನೀಯ ಎಷ್ಟು ಮಂದ ಅಂತ ಹೇಳುವ ಅಂತರರಾಷ್ಟ್ರೀಯ ಅಳತೆ) ಪ್ರಕಾರ 2ನೇ ಹಂತಕ್ಕೆ ಬರಲಿ ಅಂದರು. ಎರಡು ಪುಡಿಯೂ ಅದಕ್ಕೇ ಇರುವುದು. ಸ್ಟಾರ್ಚ್ ಅಗ್ಗ ಅಂತ ಅದನ್ನೇ ತಂದೆ.

ಮೊದಲ ನಾಲ್ಕು ಗುಟುಕು ಸಲೀಸಾಗಿ ಇಳಿಯುತ್ತಿತ್ತು. ಲೋಟದ ತಳಕ್ಕೆ ಬಂದಾಗ ಕೆಮ್ಮು ಶುರು. ನನ್ನ ಅಳತೆಯೇ ತಪ್ಪಿತೇನೋ ಅಂತ ಚಮಚದ ಮೇಲಿನ ಪುಡಿ ಸವರಿ ಮಟ್ಟ ಮಾಡಿ ಹಾಕಿದೆ. ಆದರೂ ಅದೇ ಕಥೆ. ಒಂದು ದಿನ ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಲೋಟಕ್ಕೆ ಚಮಚ ಅದ್ದಿ ಎತ್ತಿದೆ. ಕಲಸಿದಾಗ ಎಳೆಯಾಗಿ ಇಳಿದಿದ್ದ ನೀರು ಈಗ ಚಮಚದಿಂದ ಸುರಿದುಹೋಯಿತು. ನನಗೆ ಕೈ ನಡುಗಿತು. ಇಷ್ಟು ದಿನ ಇದನ್ನೇ ಕುಡಿಸಿದ್ದೆನಲ್ಲ!

ಕಾರಣ ಎಂಜಲು. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಸ್ಟಾರ್ಚನ್ನು ಒಡೆಯುತ್ತದೆ. ಅಪ್ಪನಿಗೆ ಒಂದು ಲೋಟ ಮುಗಿಸಲು ಅರ್ಧ ಗಂಟೆ ಬೇಕು. ಈ ಕಾಯಿಲೆಯಲ್ಲಿ ಎಂಜಲು ನುಂಗುವುದೂ ಕಮ್ಮಿ, ಬಾಯಲ್ಲೇ ನಿಂತಿರುತ್ತದೆ. ಗುಟುಕಿಗೊಮ್ಮೆ ಸ್ವಲ್ಪ ಲೋಟಕ್ಕೆ ಸೇರುತ್ತದೆ. ಗಮ್ಮನ್ನು ಅಮೈಲೇಸ್ ಒಡೆಯಲಾರದು. ಕೊನೆಯ ಗುಟುಕೂ ಮೊದಲಿನಷ್ಟೇ ಮಂದ.

ಈಗ ಕಣ್ಣಂದಾಜು ಬಿಟ್ಟಿದ್ದೇನೆ. ಐಡಿಡಿಎಸ್‌ಐ ಹೇಳುವ ಸಿರಿಂಜಿಗೆ 10 ಎಂಎಲ್ ತುಂಬಿ, 10 ಸೆಕೆಂಡ್ ಹರಿಯಲು ಬಿಡುತ್ತೇನೆ. 4ರಿಂದ 8 ಎಂಎಲ್ ಉಳಿದರೆ 2ನೇ ಹಂತ.

ರುಚಿಯಲ್ಲೂ ಗಮ್ಮೇ ಮೇಲು. ಸ್ಟಾರ್ಚ್ ಹಾಕಿದ ನೀರು ಬೆಳ್ಳಗೆ ಕದಡುತ್ತದೆ, ಹಿಟ್ಟು ಹಿಟ್ಟು ಅನ್ನಿಸುತ್ತದೆ. ಗಮ್ ಬೇಗ ಗಂಟು ಕಟ್ಟುತ್ತದೆ, ಜೋರಾಗಿ ಕಲಸಬೇಕು. ಹಾಲಿನಲ್ಲಿ ಮಂದವಾಗಲು ಜಾಸ್ತಿ ಹೊತ್ತು ಬೇಕು, ಕಾಯಲೇಬೇಕು.

ಇನ್ನೊಂದು ಮಾತು. ಮಲಬದ್ಧತೆಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕೊಡುತ್ತಿದ್ದರೆ ಸ್ಟಾರ್ಚ್ ನೀರಿಗೆ ಬೆರೆಸಬೇಡಿ, ತೆಳ್ಳಗಾಗಿಬಿಡುತ್ತದೆ.

ಗಮ್ ದುಬಾರಿ, ನಿಜ. ಬೇರೆ ಖರ್ಚು ಹಿಡಿದು ಇದನ್ನು ತರುತ್ತೇನೆ. ಎರಡು ನಿಮಿಷದಲ್ಲಿ ಲೋಟ ಖಾಲಿ ಮಾಡುವವರಿಗೆ ಸ್ಟಾರ್ಚ್ ಸಾಕಾಗಬಹುದು, ಥೆರಪಿಸ್ಟನ್ನು ಕೇಳಿ. ಕೆಮ್ಮು ಇಲ್ಲ ಅಂತ ಮಾತ್ರ ಧೈರ್ಯವಾಗಿರಬೇಡಿ. ಈ ಕಾಯಿಲೆಯಲ್ಲಿ ಕೆಮ್ಮೇ ಬರದೆ ನೀರು ಶ್ವಾಸನಾಳಕ್ಕೆ ಇಳಿಯುವುದುಂಟು.

ಮಂದ ನೀರು ಅಪ್ಪನಿಗೆ ಈಗಲೂ ಇಷ್ಟವಿಲ್ಲ, ಕುಡಿಯುವುದೇ ಕಮ್ಮಿಯಾಗಿದೆ. ಯಾವ ಪುಡಿಯಲ್ಲೂ ಅದಕ್ಕೆ ಪರಿಹಾರ ಸಿಕ್ಕಿಲ್ಲ. ದಿನಕ್ಕೆ ಎಷ್ಟು ಲೋಟ ಆಯಿತು ಅಂತ ಬರೆದಿಡುತ್ತಿದ್ದೇನೆ.