ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆ ಅರ್ಧ ಮಾಡಿ ಕೊಟ್ಟರೆ ತಗೋಬೇಡಿ

ಮಾತ್ರೆಯ ಹೆಸರಿನ ಜೊತೆ ರಿಟಾರ್ಡ್, ಎಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್ ಅಂತ ಏನಾದರೂ ಇದ್ದರೆ ಅದು ಮದ್ದನ್ನು ನಿಧಾನವಾಗಿ ಬಿಡುವ ಮಾತ್ರೆ, ಡಾಕ್ಟರನ್ನು ಕೇಳದೆ ಅದನ್ನು ಅರ್ಧ ಮಾಡಬೇಡಿ. ಅಂಗಡಿಯವರು ಎಷ್ಟೇ ಧೈರ್ಯ ಹೇಳಲಿ, ಮಾಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟಾದರೂ ನೆನಪಿಡಿ.

ನಮ್ಮದು ಸೋಮವಾರಪೇಟೆ ಕಡೆ. ಅವ್ವನಿಗೆ ಬಿಪಿ. ಮೈಸೂರಿನ ಡಾಕ್ಟರು ನಿಫೆಡಿಪಿನ್ ರಿಟಾರ್ಡ್ 10 ಮಿಲಿಗ್ರಾಂ, ಬೆಳಗ್ಗೆ ಒಂದು ರಾತ್ರಿ ಒಂದು ಅಂತ ಬರೆದಿದ್ದರು. ಮಳೆಗಾಲದಲ್ಲಿ ಇಲ್ಲಿ ಹೇಗಿರುತ್ತೆ ಅಂತ ನಿಮಗೂ ಗೊತ್ತಲ್ವಾ. ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ. ಮಾತ್ರೆ ಮುಗಿಯಿತು ಅಂತ ಮೈಸೂರಿಗೆ ಓಡಲು ಆಗುತ್ತಾ? ನಾವು ವರ್ಷಗಳಿಂದ ಹೋಗುವ ಅಂಗಡಿಗೇ ಚೀಟಿ ಹಿಡಿದು ಹೋದೆ.

10 ಇಲ್ಲ, 20 ಮಾತ್ರ ಇದೆ ಅಂದರು. "ಅರ್ಧ ಮಾಡಿದ್ರೆ 10 ಆಯ್ತಲ್ಲ ಅಕ್ಕ, ದುಡ್ಡೂ ಉಳೀತದೆ."

ನಾನು ಕೇಳಿದೆ. ಕೇಳದೆ ಬಂದವಳಲ್ಲ. "ಇದರ ಮೇಲೆ ಗೆರೆನೇ ಇಲ್ವಲ್ಲ ಅಣ್ಣ, ಕತ್ತರಿಸಬಹುದಾ?" ಅಂತ ನೇರವಾಗಿ ಕೇಳಿದೆ. "ಗೆರೆ ಇಲ್ಲದಿದ್ರೆ ಏನು, ನಾನೇ ನೀಟಾಗಿ ಮಾಡಿ ಕೊಡ್ತೇನೆ" ಅಂದರು. ಬ್ಲೇಡ್ ತೆಗೆದು ಕೌಂಟರ್ ಮೇಲೆಯೇ ಅಡಿಕೆ ಕತ್ತರಿಸಿದ ಹಾಗೆ ಎಲ್ಲವನ್ನೂ ಕತ್ತರಿಸಿ, ಕಾಗದದ ಕವರಿಗೆ ಸುರಿದು ಕೊಟ್ಟರು. ಖಾಲಿ ಸ್ಟ್ರಿಪ್ ಕಸದ ಬುಟ್ಟಿಗೆ. ಬಿಲ್ ಕೇಳಿದರೆ ಕರೆಂಟ್ ಇಲ್ಲ, ಆಮೇಲೆ ತಗೊಳ್ಳಿ ಅಂದರು.

ಅವ್ವ ಅದನ್ನು ತಗೊಳ್ಳಲು ಶುರು ಮಾಡಿದ ಮೇಲೆ ಮುಖ ಬಿಸಿಬಿಸಿ, ತಲೆನೋವು, ಎದೆ ಡಬಡಬ ಅಂತ ಹೇಳತೊಡಗಿದರು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ಶುರುವಾಗುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. "ಹೊಸ ಕಂಪನಿ ಮಾತ್ರೆ ಅಲ್ವಾ, ಮೈ ಹೊಂದಿಕೊಳ್ಳಲಿ" ಅಂದರು. ಒಂದು ಬೆಳಗ್ಗೆ ತಿಂಡಿ ತಿಂದು ಏಳುವಾಗ ಕಣ್ಣು ಕತ್ತಲೆ ಬಂದು ಬಾಗಿಲ ಹತ್ತಿರವೇ ಬಿದ್ದರು. ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದೆವು. ಬಿಪಿ ಪೂರ್ತಿ ಇಳಿದಿತ್ತು.

ಡಾಕ್ಟರು ಏನು ಮಾತ್ರೆ ಕೊಡುತ್ತಿದ್ದೀರಿ ಅಂತ ಕೇಳಿದರು. ಕವರ್ ಕೊಟ್ಟೆ. ಅದರ ಮೇಲೆ ಪೆನ್ನಿನಲ್ಲಿ "ಬಿಪಿ 1-0-1" ಅಂತ ಬಿಟ್ಟರೆ ಏನೂ ಇಲ್ಲ. ಹೆಸರಿಲ್ಲ, ಎಕ್ಸ್‌ಪೈರಿ ಇಲ್ಲ, ಬ್ಯಾಚ್ ನಂಬರ್ ಇಲ್ಲ. ತುಂಡುಗಳನ್ನು ಅಂಗೈ ಮೇಲೆ ಹಾಕಿ ನೋಡಿದರು. ಹೊರಗೆ ಇಟ್ಟಿಗೆ ಬಣ್ಣ, ಒಳಗೆ ಹಳದಿ. ಒಂದು ತುಂಡು ದೊಡ್ಡದು, ಒಂದು ಚಿಕ್ಕದು, ತಳದಲ್ಲಿ ಪುಡಿ. ನನ್ನ ಫೋನಿನಲ್ಲಿದ್ದ ಮೈಸೂರಿನ ಚೀಟಿಯ ಫೋಟೊ ನೋಡಿದರು. "ರಿಟಾರ್ಡ್ ಮಾತ್ರೆ ಕತ್ತರಿಸಿದ್ದು ಯಾರು?" ಅಂತ ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಕೇಳಿದರು. ನನಗೆ ಆಗ ಆದ ಅವಮಾನ ಹೇಳಲಾರೆ. ಪಕ್ಕದ ಬೆಂಚಿನವರು ನನ್ನನ್ನೇ ನೋಡುತ್ತಿದ್ದರು. ಅಷ್ಟು ನಂಬಿದ ಅಂಗಡಿ. ನೀಟಾಗಿ ಮಾಡಿ ಕೊಡ್ತೇನೆ ಅಂದಿದ್ದರು. ನೀಟಾಗಿ!

ರಿಟಾರ್ಡ್ ಅಂದರೆ ಮದ್ದು ಗಂಟೆಗಟ್ಟಲೆ ನಿಧಾನವಾಗಿ ಮೈಗೆ ಸೇರುವ ಹಾಗೆ ಮಾಡಿದ ಮಾತ್ರೆ. ಅದನ್ನು ಒಡೆದರೆ ಆ ಲೆಕ್ಕ ತಪ್ಪುತ್ತದೆ. ನಿಧಾನವಾಗಿ ಸೇರಬೇಕಾದ್ದು ಒಮ್ಮೆಲೇ ರಕ್ತಕ್ಕೆ ಸೇರಬಹುದು. ನಿಫೆಡಿಪಿನ್ ರಕ್ತನಾಳ ಹಿಗ್ಗಿಸುವ ಮದ್ದು, ಹಾಗಾಗಿ ಮುಖ ಕೆಂಪು, ತಲೆನೋವು, ಎದೆಬಡಿತ, ಆಮೇಲೆ ಬಿಪಿ ದಢಕ್ಕನೆ ಇಳಿಯುವುದು. ಹಿಂದೆ ಬಿಪಿ ಏರಿದಾಗ ಇದೇ ಮದ್ದಿನ ಕ್ಯಾಪ್ಸೂಲ್ ಚುಚ್ಚಿ ನಾಲಿಗೆಯ ಕೆಳಗೆ ಹಾಕುತ್ತಿದ್ದರಂತೆ. ಬಿಪಿ ಒಮ್ಮೆಲೇ ಇಳಿದು ಪಾರ್ಶ್ವವಾಯು, ಹೃದಯಾಘಾತ ಆದದ್ದಿದೆ, ಅದಕ್ಕೇ ಆ ಪದ್ಧತಿ ಕೈಬಿಟ್ಟರು ಅಂತ ಡಾಕ್ಟರು ಹೇಳಿದರು. ಇನ್ನೊಂದು ವಿಷಯ, ಈ ಮದ್ದಿಗೆ ಬೆಳಕು ಆಗದು. ಮೇಲಿನ ಬಣ್ಣದ ಲೇಪ ಬೆಳಕು ತಡೆಯಲಿಕ್ಕೂ ಹೌದು. ಕತ್ತರಿಸಿ ಕಾಗದದಲ್ಲಿಟ್ಟರೆ ಮದ್ದು ಕೆಡುತ್ತದೆ. ಅಂದರೆ ಒಂದು ಹೊತ್ತು ಜಾಸ್ತಿ, ಒಂದು ಹೊತ್ತು ಕಡಿಮೆ. ಅವ್ವನಿಗೆ ಎಷ್ಟು ಮದ್ದು ಹೋಗುತ್ತಿತ್ತು ಅಂತ ಯಾರಿಗೂ ಹೇಳಲು ಆಗಲಿಲ್ಲ.

ಅವ್ವನನ್ನು ಮನೆಗೆ ಕರೆತಂದ ಮೇಲೆ ಅಂಗಡಿಗೆ ಹೋದೆ. ಅವರ ಉತ್ತರ ಕೇಳಿ.

"ಎಲ್ಲರೂ ಹೀಗೇ ತಗೊಂಡು ಹೋಗ್ತಾರೆ, ನಿಮ್ಮೊಬ್ಬರಿಗೇ ತೊಂದರೆ."

"ವಯಸ್ಸಾದವರಿಗೆ ತಲೆ ಸುತ್ತು ಬರ್ತದೆ ಅಕ್ಕ, ಮಾತ್ರೆಗೆ ಯಾಕೆ ಹೇಳ್ತೀರಿ?"

"ಎಕ್ಸ್‌ಎಲ್ ಮಾತ್ರೆನೂ ಡಾಕ್ಟ್ರೇ ಅರ್ಧ ಬರೀತಾರೆ." ಇದನ್ನೂ ನಾನು ಮಡಿಕೇರಿಯಲ್ಲಿ ಕೇಳಿಕೊಂಡೇ ಬಂದಿದ್ದೆ. ಬಿಪಿಗೇ ಕೊಡುವ ಇನ್ನೊಂದು ಮದ್ದು ಮೆಟೊಪ್ರೊಲಾಲ್ ಸಕ್ಸಿನೇಟ್, ಅದರ ಕೆಲವು ಎಕ್ಸ್‌ಎಲ್ ಮಾತ್ರೆಗಳೊಳಗೆ ಸಣ್ಣ ಸಣ್ಣ ಕಾಳು ಇರುತ್ತವೆ, ಪ್ರತಿ ಕಾಳಿಗೂ ಲೇಪ ಇರುತ್ತದೆ. ಅದಕ್ಕೇ ಗೆರೆಯಲ್ಲಿ ಅರ್ಧ ಮಾಡಬಹುದು, ಅಗಿಯುವ ಹಾಗಿಲ್ಲ. ಅದು ಬೇರೆ, ಇದು ಬೇರೆ. ಅಂಗಡಿ ಇಟ್ಟವರಿಗೆ ಇದು ಗೊತ್ತಿರಬೇಡ್ವಾ?

ಕೊನೆಗೆ ಬಂತು ನೋಡಿ. "ನಮ್ಮ ಅಂಗಡಿದೇ ಅಂತ ಏನು ಗ್ಯಾರಂಟಿ? ಬಿಲ್ ಇದ್ಯಾ?"

ಬಿಲ್ ಕೊಡದವರು ಅವರು. ಸ್ಟ್ರಿಪ್ ಬಿಸಾಡಿದವರು ಅವರು. ಈಗ ಬಿಲ್ ಇದ್ಯಾ ಅಂತ ನನ್ನನ್ನೇ ಕೇಳುತ್ತಾರೆ. ಮೈ ಉರಿದುಹೋಯಿತು. ಅಲ್ಲಿ ಫಾರ್ಮಸಿಸ್ಟ್ ಯಾರು ಅಂತ ಕೇಳಿದೆ, ಅವರು ಊರಿಗೆ ಹೋಗಿದ್ದಾರೆ ಅಂದರು. 1945ರ ಡ್ರಗ್ಸ್ ರೂಲ್ಸ್ ಪ್ರಕಾರ ಇಂಥ ಮದ್ದು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಎದುರಿಗೇ ಕೊಡಬೇಕು, ಚೀಟಿಯಲ್ಲಿ ಬರೆದದ್ದು ಬಿಟ್ಟು ಬೇರೆ ಕೊಡುವ ಹಾಗಿಲ್ಲ. ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದಿದ್ದೇನೆ, ಉಳಿದ ತುಂಡುಗಳನ್ನು ಕವರ್ ಸಮೇತ ಇಟ್ಟುಕೊಂಡಿದ್ದೇನೆ.

ನೀವು ಸ್ಟ್ರಿಪ್ ಇಲ್ಲದ ಮಾತ್ರೆ ತಗೋಬೇಡಿ. ಕರೆಂಟ್ ಇಲ್ಲದಿದ್ದರೆ ಕೈಯಲ್ಲಿ ಬರೆದ ಬಿಲ್ ಆದರೂ ತಗೊಳ್ಳಿ, ಬಿಡಬೇಡಿ. ಡಾಕ್ಟರೇ ಅರ್ಧ ಅಂತ ಬರೆದಿದ್ದರೆ ಗೆರೆ ಇರುವ ಮಾತ್ರೆ ಕೇಳಿ, ಟ್ಯಾಬ್ಲೆಟ್ ಕಟ್ಟರಿನಲ್ಲಿ ತಗೊಳ್ಳುವ ಹೊತ್ತಿಗೆ ಒಂದನ್ನೇ ಕತ್ತರಿಸಿ. ನಮ್ಮ ಮಳೆಗಾಲದ ತೇವಕ್ಕೆ ಕತ್ತರಿಸಿಟ್ಟದ್ದು ಉಳಿಯುವುದಿಲ್ಲ. ಗ್ಯಾಸಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನೂ ತುಂಡು ಮಾಡಬೇಡಿ, ಅದರ ಲೇಪ ಹೊಟ್ಟೆಯ ಆಸಿಡ್‌ಗೆ ಮದ್ದು ಕೆಡದ ಹಾಗೆ ಕಾಯಲಿಕ್ಕೆ ಇರುವುದು.

ಈಗಲೇ ಮನೆಯ ಹಿರಿಯರ ಮಾತ್ರೆ ಡಬ್ಬ ತೆಗೆದು ನೋಡಿ. ಹೆಸರಿಲ್ಲದ ತುಂಡುಗಳು ಕಾಗದದ ಕವರಿನಲ್ಲಿ ಇದ್ದರೆ ಅದನ್ನು ಕೊಡಬೇಡಿ. ಆದರೆ ಬಿಪಿ ಮದ್ದನ್ನು ಸುಮ್ನೆ ನಿಲ್ಲಿಸಿಯೂ ಬಿಡಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬದಲಿಗೆ ಯಾವುದು ಕೊಡಬೇಕು ಅಂತ ಕೇಳಿ.